ಕಾಲಿನ ವಿಷಯ ಬಿಟ್ಟು ಎಲ್ಲಾ ಬರೆದಿದ್ದೀರಿ

ಕ್ರಾಕೋವ್, ಭಾನುವಾರ

ಅಪ್ಪನಿಗೆ ನಮಸ್ಕಾರಗಳು. ನಾನು ಕ್ಷೇಮ. ನಿಮ್ಮ ಪತ್ರ ಮೊನ್ನೆ ಬಂತು. ಸ್ಲಾವ್ ಜನ, ಅಂದರೆ ಈ ಪೋಲಿಷರು, ರಷ್ಯನ್ನರು ಇವರ ಹಿರೀಕರು, ಎಲ್ಲಿಂದ ಬಂದರು ಅಂತ ನಾಲ್ಕು ಪುಟ ಕೇಳಿದ್ದೀರಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದಲ್ಲ.

ಕೊಸ್ಟ್‌ಶೆವ್ಸ್ಕಿ ಅಂತ ಪೋಲೆಂಡಿನ ಪುರಾತತ್ವಜ್ಞ ಒಬ್ಬರಿದ್ದರು. ಸ್ಲಾವರು ಮೊದಲಿಂದ ಈ ಪೋಲೆಂಡ್ ನೆಲದವರೇ ಅನ್ನುವುದು ಅವರ ವಾದ. 1933ರಲ್ಲಿ ಬಿಸ್ಕುಪಿನ್‌ನ ಸರೋವರದಲ್ಲಿ ಮರದ ಹಳೇ ಊರೇ ಸಿಕ್ಕಿತು, ಅದು ಸ್ಲಾವರದ್ದೇ ಅಂದರು, ವಾದಕ್ಕೆ ಬಲ ಬಂತು. ಅದೂ ಈ ನೆಲ ನಮ್ಮದು ಅಂತ ಜರ್ಮನರು ಹೇಳುತ್ತಿದ್ದ ಕಾಲ. ಆಮೇಲೆ ನಮ್ಮ ಯೂನಿವರ್ಸಿಟಿಯ ಗೊಡ್ಲೊವ್ಸ್ಕಿ ಬೇರೆ ಮಾತು ಹೇಳಿದರು. 5ನೇ ಶತಮಾನದ ಹೊತ್ತಿಗೆ ಇಲ್ಲಿ ಊರು, ಗೋರಿ ಎಲ್ಲಾ ಕಮ್ಮಿಯಾಗುತ್ತಾ ಹೋಗುತ್ತವೆ. ಸ್ಲಾವರು ಆಮೇಲೆ ಪೂರ್ವದಿಂದ ಬಂದವರು ಅಂತ. ಹಾಗೆ ಬಂದವರ ಮಡಕೆ ಚೂರು ನಾನು ಕೈಯಲ್ಲಿ ಹಿಡಿದಿದ್ದೇನೆ. ತಿಗರಿ ಇಲ್ಲ, ಗೆರೆ ಇಲ್ಲ, ಒರಟು. ನಮ್ಮ ಕುಂಬಾರರು ನೋಡಿದರೆ ನಕ್ಕಾರು. ಮಡಕೆ ನೋಡಿ ಕುಲ ಹೇಳಬೇಡಿ ಅನ್ನುವವರೂ ಇದ್ದಾರೆ. 2025ರಲ್ಲಿ 550ಕ್ಕೂ ಹೆಚ್ಚು ಹಳೇ ಜನರ ಡಿಎನ್‌ಎ ನೋಡಿದ ಮೇಲೆ ವಲಸೆ ನಿಜ ಅನ್ನುವವರದ್ದೇ ಮೇಲುಗೈ. ಆದರೂ ನಮ್ಮ ಇಬ್ಬರು ಮೇಷ್ಟ್ರು ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂರುವುದಿಲ್ಲ!

ನನಗೆ ಇಷ್ಟವಾದದ್ದು ಬೀಚ್ ಅನ್ನುವ ಇಲ್ಲಿಯ ಕಾಡುಮರದ ಕಥೆ. ಸ್ಲಾವ್ ಮಾತಿನಲ್ಲಿ ಅದಕ್ಕೆ ಸ್ವಂತ ಹೆಸರಿಲ್ಲ, ಜರ್ಮನಿಕ್ ಜನರಿಂದ ಕಡ ತಂದದ್ದು. ಹಾಗಾದರೆ ಇವರ ಹಳೇ ನೆಲದಲ್ಲಿ ಆ ಮರವೇ ಇರಲಿಲ್ಲ ಅಂತ 1908ರಲ್ಲೇ ಇಲ್ಲಿಯ ಸಸ್ಯಶಾಸ್ತ್ರಜ್ಞ ರೊಸ್ಟಾಫಿನ್ಸ್ಕಿ ಹೇಳಿದರು. ಇಲ್ಲದ್ದನ್ನು ನೋಡಿ ಇದ್ದದ್ದನ್ನು ಹೇಳುವುದು.

ನಿಮ್ಮ ಪತ್ರವನ್ನೂ ಹಾಗೇ ಓದಿದೆ ಅಪ್ಪ. ನಾಲ್ಕು ಪುಟದಲ್ಲಿ ಕಾಲಿನ ಮಾತೇ ಇಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಹೆಬ್ಬೆರಳ ಗಾಯ ಮೂರು ವಾರದಿಂದ ಒಣಗಿಲ್ಲವಂತೆ, ನೀವು ಅರಿಶಿನ ಮೆತ್ತಿಕೊಂಡು ಬರಿಗಾಲಲ್ಲೇ ತೋಟಕ್ಕೆ ಹೋಗುತ್ತೀರಂತೆ. ಶುಗರ್ ಇರುವವರು ಹೀಗೆ ಮಾಡ್ತಾರಾ? ನಾಳೆನೇ ಡಾಕ್ಟರ ಹತ್ತಿರ ಹೋಗಿ. ದುಡ್ಡು ಅಮ್ಮನ ಖಾತೆಗೆ ಹಾಕಿದ್ದೇನೆ, ಸಾಲದಿದ್ದರೆ ಹೇಳಿ. ಚಿಕ್ಕಮ್ಮನ ಮೇಲೆ ಕೂಗಾಡಬೇಡಿ, ನಾನೇ ಬಾಯಿ ಬಿಡಿಸಿದ್ದು.

ನನಗೇನೂ ತೊಂದರೆ ಇಲ್ಲ. ಸ್ಟೈಪೆಂಡ್ ಬರುತ್ತಿದೆ, ಕೋಟು ಬೆಚ್ಚಗಿದೆ, ಎರಡೆರಡು ಸಾಕ್ಸ್ ಹಾಕುತ್ತೇನೆ, ಕೆಮ್ಮು ಹೋಯಿತು. ಇಲ್ಲಿಯ ಬೀಟ್‌ರೂಟ್ ಸಾರು ಹುಳಿಹುಳಿಯಾಗಿ ಚೆನ್ನಾಗೇ ಇರುತ್ತೆ, ಅಮ್ಮನಿಗೆ ಹೇಳಿ. ಟ್ರಾಮಿಗೆ ಹೊತ್ತಾಯಿತು, ಉಳಿದದ್ದು ಆಮೇಲೆ. ಚಪ್ಪಲಿ ಹಾಕಿಕೊಳ್ಳಿ.

ನಿಮ್ಮ ಮಗಳು