ಹೈದರಾಬಾದ್ ಪ್ರವಾಸ: ಮೊಬೈಲ್ ಕುರಿತು ಪೋಷಕರಿಗೆ

ಏಳನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಬಿರ್ಲಾ ವಿಜ್ಞಾನ ಸಂಗ್ರಹಾಲಯಕ್ಕೆ ಮಕ್ಕಳು ಮೊಬೈಲ್ ತರಬಾರದು ಎಂದಿದ್ದಕ್ಕೆ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ಕಳೆದ ವರ್ಷ ಎರಡು ತಾಸು ಒಂದೇ ಎಲುಬಿನ ಗೂಡಿನ ಮುಂದೆ ಕೂಡಿಸಿದಿರಿ, ಚಾರ್‌ಮಿನಾರ್ ತೋರಿಸಲಿಲ್ಲ ಎಂಬ ದೂರೂ ಇತ್ತು. ಕಲಬುರಗಿಯಿಂದ ಸುಮಾರು 220 ಕಿ.ಮೀ. ಹೋಗುವುದೇ ಆ ಗೂಡಿಗಾಗಿ.

ಅದು ಕೋಟಾಸಾರಸ್, ಜುರಾಸಿಕ್ ಕಾಲದ ಸಸ್ಯಾಹಾರಿ ಡೈನೋಸಾರ್. ತೆಲಂಗಾಣದ ಯಾಮನಪಲ್ಲಿಯ ಬಳಿ ಕನಿಷ್ಠ 12 ಪ್ರಾಣಿಗಳ ಸುಮಾರು 840 ಎಲುಬು ಸಿಕ್ಕವು, 1988ರಲ್ಲಿ ಹೆಸರಿಡಲಾಯಿತು. ಎಲುಬು ಅಷ್ಟು ಸಿಕ್ಕರೂ ತಲೆಬುರುಡೆ ಸಿಗಲಿಲ್ಲ, ಸಿಕ್ಕಿದ್ದು ಎರಡು ಹಲ್ಲು ಮಾತ್ರ. ಸಂಗ್ರಹಾಲಯದ ಗೂಡಿನಲ್ಲಿ ಕಾಣುವ ತಲೆ ಬೇರೆ ಡೈನೋಸಾರ್‌ಗಳನ್ನು ನೋಡಿ ಊಹಿಸಿ ಕಟ್ಟಿದ್ದು. ಯಾವುದು ಸಿಕ್ಕಿದ್ದು, ಯಾವುದು ಊಹೆ ಎಂದು ಮಕ್ಕಳು ಕೇಳಬೇಕು. ನಮಗೆ ಬೇಕಾದ ಪಾಠ ಅದೇ.

ಮೊಬೈಲ್ ಇದ್ದರೆ ಇದು ಆಗುವುದಿಲ್ಲ. ಇಡೀ ಗೂಡು ಪರದೆಯಲ್ಲಿ ಹಿಡಿಸಲೆಂದು ಮಕ್ಕಳು ಹಿಂದೆ ಹಿಂದೆ ಸರಿಯುತ್ತಾರೆ, ಹಿಂದಿನವರ ಕಾಲು ತುಳಿಯುತ್ತಾರೆ, ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಚಿತ್ರ ಬಿಡಿಸುವವರು ಹಾಗೆ ಹೋಗಲಾರರು: ತೊಡೆ ಎಲುಬು ಸೊಂಟಕ್ಕೆ ಎಲ್ಲಿ ಕೂಡುತ್ತದೆ ಎಂದು ನೋಡದೆ ಗೆರೆ ಎಳೆಯಲು ಬರುವುದಿಲ್ಲ. ಎಂಟೆಂಟು ಮಕ್ಕಳ ಗುಂಪು ಮಾಡಿದ್ದೇವೆ. ಮೊದಲ 10 ನಿಮಿಷ ಬರೀ ಸುತ್ತಿ ನೋಡುವುದು, ಪಕ್ಕದಿಂದ ಮತ್ತು ಹಿಂದಿನಿಂದಲೂ. ಆಮೇಲೆ ಹಿಂಗಾಲು, ಸೊಂಟ, ಬಾಲದ ಕಶೇರುಗಳು (ಬೆನ್ನೆಲುಬಿನ ಮಣಿಗಳು), ಒಂದೊಂದಕ್ಕೆ 15 ನಿಮಿಷ. ಪೆನ್ ಬೇಡ, ಎಚ್‌ಬಿ ಪೆನ್ಸಿಲ್, ರಬ್ಬರ್, ಪರೀಕ್ಷೆಯ ಪ್ಯಾಡ್ ಸಾಕು. ಅರ್ಧ ಗುಂಪುಗಳು ಇಲ್ಲಿರುವಾಗ ಉಳಿದವು ವಿಜ್ಞಾನ ವಿಭಾಗದಲ್ಲಿರುತ್ತವೆ.

ಮಗು ಎಲ್ಲಿದೆಯೋ ಎಂಬ ನಿಮ್ಮ ಚಿಂತೆ ನಮಗೂ ಇದೆ. ಇಬ್ಬರು ಶಿಕ್ಷಕರ ನಂಬರ್ ಒಪ್ಪಿಗೆ ಚೀಟಿಯಲ್ಲಿದೆ, ಯಾವಾಗ ಬೇಕಾದರೂ ಕರೆ ಮಾಡಿ. ತಲುಪಿದಾಗ ಮತ್ತು ಹೊರಟಾಗ ನಾವೇ ಸಂದೇಶ ಕಳಿಸುತ್ತೇವೆ. ಎಲ್ಲ ಗುಂಪುಗಳ ಫೋಟೋಗಳನ್ನೂ ಶಿಕ್ಷಕರು ತೆಗೆದು ಹಂಚುತ್ತಾರೆ. ಆದರೂ ಬ್ಯಾಗಿನ ತಳದಲ್ಲಿ ಮೊಬೈಲ್ ಬಂದರೆ, ಬಸ್ ಹತ್ತುವಾಗಲೇ ತೆಗೆದಿಟ್ಟು ಮರಳಿದ ಮೇಲೆ ನಿಮ್ಮ ಕೈಗೇ ಕೊಡುತ್ತೇವೆ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ.

ಬಸ್ ಬೆಳಿಗ್ಗೆ 5ಕ್ಕೆ ಹೊರಡುತ್ತದೆ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಇರಲಿ. ರಸದ ಪಲ್ಯ ಬ್ಯಾಗಿನಲ್ಲಿ ಚೆಲ್ಲಿ ಚಿತ್ರದ ಹಾಳೆ ಕೆಡುತ್ತದೆ. ಚಾರ್‌ಮಿನಾರ್‌ಗೆ ಈ ಸಲವೂ ಸಮಯವಿಲ್ಲ.

ಶನಿವಾರದೊಳಗೆ ಸಹಿ ಮಾಡಿದ ಒಪ್ಪಿಗೆ ಚೀಟಿ ಕಳಿಸಿಕೊಡಿ.

ಇಂತಿ,
ಮುಖ್ಯೋಪಾಧ್ಯಾಯರು