ಗ್ರೀಸ್‌ನಲ್ಲಿ ಬೀಚ್ ಆರಿಸುವ ಮೊದಲು ಗಾಳಿ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಗ್ರೀಸ್ ದ್ವೀಪಗಳ ಬಗ್ಗೆ ಬರುವ ಲೇಖನಗಳಲ್ಲಿ ಬೀಚ್‌ಗಳ ಹೆಸರು ಬೇಕಾದಷ್ಟು ಇರುತ್ತವೆ. ಆದರೆ ಆ ಬೀಚ್ ಯಾವ ದಿಕ್ಕಿಗೆ ತೆರೆದುಕೊಂಡಿದೆ, ಅಲ್ಲಿ ಜನ ಬಟ್ಟೆ ತೊಟ್ಟು ಈಜುತ್ತಾರೋ ತೊಡದೆ ಈಜುತ್ತಾರೋ ಎಂಬ ಎರಡು ಮಾಹಿತಿ ಮಾತ್ರ ಇರುವುದಿಲ್ಲ. ಮೈಸೂರಿನ ಎಷ್ಟೋ ಮನೆಗಳ ಮಕ್ಕಳು ಈಗ ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಕೆಲಸದಲ್ಲಿದ್ದಾರೆ. ಅವರ ಜೊತೆ ರಜೆಗೆ ಗ್ರೀಸ್‌ಗೆ ಹೊರಡುವವರಿಗೆ ಈ ಎರಡೂ ಬೇಕು. ನೇಚರಿಸ್ಟ್ (ಬಟ್ಟೆಯಿಲ್ಲದೆ ಈಜುವವರ) ಬೀಚಿಗೆ ಹೋಗಲು ಮನಸ್ಸಿರುವವರಿಗೂ ಬೇಕು, ಅಲ್ಲಿಗೆ ಗೊತ್ತಿಲ್ಲದೆ ಕಾಲಿಟ್ಟು ಮುಜುಗರಪಡಲು ಇಷ್ಟವಿಲ್ಲದವರಿಗೂ ಬೇಕು. ಪ್ರವಾಸ ಪುಟದವರು ಮುಂದೆ ಇವನ್ನು ಸೇರಿಸಬೇಕೆಂದು ಕೋರುತ್ತಾ, ಸದ್ಯಕ್ಕೆ ಓದುಗರಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಗಾಳಿ. ನಮ್ಮಲ್ಲಿ ಆಷಾಢದ ಗಾಳಿ ಬೀಸುವ ದಿನಗಳಲ್ಲೇ ಗ್ರೀಸ್ ಮತ್ತು ಟರ್ಕಿ ನಡುವಿನ ಏಜಿಯನ್ ಸಮುದ್ರದ ಮೇಲೆ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಎರಡಕ್ಕೂ ನಂಟಿದೆ. ನಮ್ಮ ಮುಂಗಾರನ್ನು ಎಳೆದು ತರುವ ವಾಯವ್ಯ ಭಾರತ-ಪಾಕಿಸ್ತಾನದ ಕಡಿಮೆ ಒತ್ತಡದ ಪಟ್ಟಿ ಪರ್ಷಿಯನ್ ಕೊಲ್ಲಿಯ ಮೇಲಿಂದ ಟರ್ಕಿಯವರೆಗೂ ಚಾಚಿಕೊಳ್ಳುತ್ತದೆ. ಅದೇ ಕಾಲಕ್ಕೆ ಬಾಲ್ಕನ್ ನಾಡುಗಳ ಮೇಲೆ ಹೆಚ್ಚಿನ ಒತ್ತಡ ಕೂತಿರುತ್ತದೆ. ಈ ಎರಡರ ನಡುವಿನ ಏಜಿಯನ್ ಮೇಲೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಮೋಡವಿಲ್ಲ, ಮಳೆಯಿಲ್ಲ, ಆಕಾಶ ಸ್ವಚ್ಛ ನೀಲಿ. ಹಾಗಾಗಿ ಹೋಟೆಲಿನ ಕಿಟಕಿಯಿಂದ ನೋಡಿದವರಿಗೆ ಸಮುದ್ರಸ್ನಾನಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಅನ್ನಿಸುತ್ತದೆ. ಬೀಚಿಗೆ ಇಳಿದರೆ ಮರಳು ಮೈಗೆ ಚುಚ್ಚುತ್ತದೆ.

ಜುಲೈ ಮತ್ತು ಆಗಸ್ಟ್‌ನಲ್ಲಿ ಇದರ ಜೋರು ಅತಿ ಹೆಚ್ಚು. ಮೇ ಕೊನೆ, ಜೂನ್ ಮೊದಲ ಭಾಗ ಮತ್ತು ಸೆಪ್ಟೆಂಬರ್‌ನಲ್ಲಿ ಕಡಿಮೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆಯ ಕಾವು ಹೀರಿದ ನೀರು ಇನ್ನೂ ಬೆಚ್ಚಗಿರುತ್ತದೆ, ಜನಸಂದಣಿಯೂ ಇಳಿದಿರುತ್ತದೆ. ಮೊದಲ ಸಲ ಹೋಗುವವರಿಗೆ ನಮ್ಮ ಶಿಫಾರಸು ಸೆಪ್ಟೆಂಬರ್. ಮಕ್ಕಳ ಶಾಲೆ, ಕಚೇರಿ ರಜೆ ಎಂದು ಆಗಸ್ಟ್‌ನಲ್ಲೇ ಹೋಗಬೇಕಾದವರು ದಿಕ್ಕಿನ ಲೆಕ್ಕ ಕಲಿಯದೆ ವಿಧಿಯಿಲ್ಲ.

ಆ ಲೆಕ್ಕ ಕಷ್ಟದ್ದೇನಲ್ಲ. ಮೆಲ್ಟೆಮಿ ಏಜಿಯನ್‌ನ ಮೇಲ್ಭಾಗದಲ್ಲಿ ಈಶಾನ್ಯದಿಂದ, ನಡುವಿನ ಸಿಕ್ಲಡೀಸ್ ದ್ವೀಪಗಳಲ್ಲಿ (ನಾಕ್ಸೋಸ್, ಪಾರೋಸ್, ಮಿಕೋನೋಸ್) ಉತ್ತರದಿಂದ, ಆಗ್ನೇಯದ ರೋಡ್ಸ್, ಕಾರ್ಪಾಥೋಸ್‌ಗಳಲ್ಲಿ ವಾಯವ್ಯದಿಂದ ಬರುತ್ತದೆ. ಪಶ್ಚಿಮದ ಅಯೋನಿಯನ್ ಸಮುದ್ರದಲ್ಲಿರುವ ಕೋರ್ಫು ಮುಂತಾದ ದ್ವೀಪಗಳಿಗೆ ಮೆಲ್ಟೆಮಿಯ ಕಾಟವಿಲ್ಲ. ಅಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ, ಇದಕ್ಕಿಂತ ಸೌಮ್ಯವಾದ ಮಾಯಿಸ್ತ್ರೋ ಗಾಳಿ ಇರುತ್ತದೆ. ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟ ಬೀಚ್ ಹುಡುಕಬೇಕು, ಇಷ್ಟೇ. ಉಪಗ್ರಹ ನಕ್ಷೆಯಲ್ಲಿ ಬೀಚಿನ ಬಾಯಿ ಯಾವ ಕಡೆಗಿದೆ ನೋಡಿ. 'ದಕ್ಷಿಣ ಕರಾವಳಿ' ಎಂದು ಬರೆದಿದ್ದರೆ ಸಾಲದು. ದಕ್ಷಿಣ ಕರಾವಳಿಯಲ್ಲೂ ಪಶ್ಚಿಮಕ್ಕೋ ಪೂರ್ವಕ್ಕೋ ಬಾಯ್ದೆರೆದ ಕೊಲ್ಲಿಗಳಿರುತ್ತವೆ.

ನಾಕ್ಸೋಸ್ ಇದಕ್ಕೆ ಒಳ್ಳೆಯ ಪಾಠ. ಅದರ ಪಶ್ಚಿಮ ತೀರದಲ್ಲಿ ಆಗಿಯೋಸ್ ಪ್ರೊಕೋಪಿಯೋಸ್ ಬೀಚ್ ಇದೆ. ಉತ್ತರಕ್ಕೆ ಸ್ಟೆಲಿಡಾ ಗುಡ್ಡ ಅಡ್ಡ ನಿಂತಿರುವುದರಿಂದ ಅಲ್ಲಿ ಗಾಳಿ ಎಷ್ಟೋ ಕಡಿಮೆ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಪ್ಲಾಕಾ. ನೇರ ಗೆರೆಯಂಥ ಉದ್ದನೆಯ ಮರಳುತೀರವಾದ್ದರಿಂದ ಗಾಳಿ ತೀರದುದ್ದಕ್ಕೂ ಓಡುತ್ತದೆ, ಮರಳೂ ಅದರ ಜೊತೆಗೆ. ನೇಚರಿಸ್ಟರು ಹಿಂದಿನಿಂದಲೂ ಸೇರುವುದು ಪ್ಲಾಕಾದ ದಕ್ಷಿಣ ಭಾಗದಲ್ಲಿ. ಆ ಕಡೆಯೇ ಮುಂದುವರಿದರೆ ಸಿಗುವ ಮಿಕ್ರಿ ವಿಗ್ಲಾ ಕೈಟ್‌ಸರ್ಫಿಂಗ್‌ಗೆ (ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನೀರಿನಲ್ಲಿ ಜಾರುವ ಆಟ) ಹೆಸರಾದ ಜಾಗ. ಅಂದರೆ ಏಕಾಂತ ಹುಡುಕಿ ದಕ್ಷಿಣಕ್ಕೆ ನಡೆದಷ್ಟೂ ಗಾಳಿ ಹೆಚ್ಚುತ್ತದೆ. ಜೋರು ಗಾಳಿಯ ದಿನ ಪ್ಲಾಕಾ ಬಿಟ್ಟು ಇನ್ನೂ ಕೆಳಗಿನ ಆಲಿಕೋಗೆ ಹೋಗುವುದು ಮೇಲು. ಅಲ್ಲಿ ಜುನಿಪರ್ ಗಿಡಗಳು ತುಂಬಿದ ಭೂಶಿರದ ಸುತ್ತ ಬೇರೆ ಬೇರೆ ದಿಕ್ಕಿಗೆ ತೆರೆದ ಸಣ್ಣ ಕೊಲ್ಲಿಗಳಿವೆ. ಒಂದರಲ್ಲಿ ಅಲೆ ಎದ್ದಿದ್ದರೆ ನಡೆದುಕೊಂಡೇ ಇನ್ನೊಂದಕ್ಕೆ ಹೋಗಬಹುದು. ಬಟ್ಟೆ ಇಲ್ಲದೆ ಈಜುವುದಕ್ಕೂ ಅಲ್ಲಿ ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ.

ಇದರಿಂದ ಸಿಗುವ ಒಂದು ಸುಲಭ ಉಪಾಯ: ನಕ್ಷೆಯಲ್ಲಿ ವಿಂಡ್‌ಸರ್ಫಿಂಗ್, ಕೈಟ್‌ಸರ್ಫಿಂಗ್ ಶಾಲೆಗಳನ್ನು ಹುಡುಕಿ. ಅವು ಇರುವ ಕಡೆ ಟವೆಲ್ ಹಾಸಬೇಡಿ. ಮಿಕೋನೋಸ್‌ನ ಫ್ಟೆಲಿಯಾ, ರೋಡ್ಸ್‌ನ ಪ್ರಾಸೋನಿಸಿ ಮತ್ತು ಇಯಾಲಿಸೋಸ್, ಕಾರ್ಪಾಥೋಸ್‌ನ ಅಫಿಯಾರ್ಟಿಸ್, ಪಾರೋಸ್‌ನ ಗೋಲ್ಡನ್ ಬೀಚ್ ಎಲ್ಲವೂ ಗಾಳಿ ಬೇಕಾದವರ ಜಾಗಗಳು.

ಇನ್ನು ಬೆಚ್ಚಗೆ ಅವಿತ ಜಾಗಗಳು. ಮಿಕೋನೋಸ್‌ನ ದಕ್ಷಿಣ ತೀರದ ಎಲಿಯಾ ಬೀಚಿನ ಒಂದು ತುದಿ ನೇಚರಿಸ್ಟರದು, ಉತ್ತರದ ಗಾಳಿಗೆ ದ್ವೀಪವೇ ಅಡ್ಡ. ದೊನೂಸಾ ಎಂಬ ಪುಟ್ಟ ದ್ವೀಪದ ಕೇದ್ರೋಸ್ ಮತ್ತು ಅನಾಫಿಯ ರೂಕೂನಾಸ್ ಎರಡೂ ದಕ್ಷಿಣಕ್ಕೆ ಮುಖ ಮಾಡಿವೆ. ಸ್ಕಿಯಾಥೋಸ್‌ನ ನೈರುತ್ಯ ಮೂಲೆಯ ಲಿಟಲ್ ಬನಾನಾ ಈಶಾನ್ಯದ ಗಾಳಿಗೆ ಮರೆ. ರೋಡ್ಸ್‌ನಲ್ಲಿ ಪಶ್ಚಿಮ ತೀರ ಬಿಟ್ಟು ಪೂರ್ವಕ್ಕೆ ಬನ್ನಿ. ಫಲಿರಾಕಿ ಪಕ್ಕದ ಮಂದೊಮಾತಾ ನೇಚರಿಸ್ಟ್ ಬೀಚ್ ಎಂದೇ ಪ್ರಸಿದ್ಧ. ಇಂಥ ಕಡೆ ಹೋಗಿ ರೂಢಿಯಿಲ್ಲದವರಿಗೆ ಇದು ಎಲ್ಲಕ್ಕಿಂತ ಸಲೀಸು, ಏಕೆಂದರೆ ಅಲ್ಲಿಗೆ ಬಂದವರಿಗೆಲ್ಲ ಅದು ಎಂಥ ಬೀಚ್ ಎಂದು ಮೊದಲೇ ಗೊತ್ತಿರುತ್ತದೆ.

ಕ್ರೀಟ್ ದ್ವೀಪದ ವಿಷಯದಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಗಾಳಿ ಉತ್ತರದ್ದು, ದಕ್ಷಿಣ ತೀರದಲ್ಲಿ 2,000 ಮೀಟರ್ ದಾಟಿದ ಬೆಟ್ಟಗಳ ಮರೆ ಇದೆ, ಆದ್ದರಿಂದ ಅಲ್ಲಿ ಗಾಳಿಯೇ ಇರುವುದಿಲ್ಲ ಎಂಬ ಲೆಕ್ಕ ಅವರದು. ತಗ್ಗಿನ, ಇಳಿಜಾರು ಕಡಿಮೆಯಿರುವ ಗುಡ್ಡ ನಿಜಕ್ಕೂ ಮರೆ ಕೊಡುತ್ತದೆ. ಎತ್ತರದ ಕಡಿದಾದ ಬೆಟ್ಟ ಹಾಗಲ್ಲ. ಗಾಳಿ ಅದರ ನೆತ್ತಿ ಹತ್ತಿ ಈಚೆ ಬದಿಗೆ ರಭಸದಿಂದ ಬೀಳುತ್ತದೆ, ಕಣಿವೆ ಸಿಕ್ಕರೆ ಅದರೊಳಗೆ ತೂರಿ ಇನ್ನಷ್ಟು ಬಿರುಸಾಗುತ್ತದೆ. ಪ್ಲಾಕಿಯಾಸ್ ಊರಿನ ಹಿಂದೆ ಕೊಟ್ಸಿಫೂ ಕಮರಿ ಇದೆ. ಆ ಊರು ದಕ್ಷಿಣ ತೀರದಲ್ಲಿದ್ದರೂ ಗಾಳಿಗೆ ಕುಖ್ಯಾತ. ಅಲ್ಲಿ ಇಳಿದುಕೊಂಡವರು ಪೂರ್ವಕ್ಕಿರುವ ದಮ್ನೋನಿ, ಅಮ್ಮೂಡಿ ಕಡೆಯ ಸಣ್ಣ ಕೊಲ್ಲಿಗಳನ್ನು ನೋಡಬೇಕು. ಅವುಗಳ ಪೈಕಿ ಮಿಕ್ರೋ ಅಮ್ಮೂಡಿ ನೇಚರಿಸ್ಟರಿಗೆ ಹೆಸರಾದದ್ದು. ಕಮರಿಯ ಬಾಯಿಗೆ ಎದುರಾಗಿ, ಒಣಗಿದ ಹಳ್ಳದ ಪಾತ್ರದಲ್ಲಿ ಕೂರಬಾರದೆಂಬುದು ಇಡೀ ದಕ್ಷಿಣ ಕ್ರೀಟ್‌ಗೆ ಅನ್ವಯಿಸುವ ನಿಯಮ.

ಕ್ರೀಟ್‌ನಲ್ಲಿ ಒಂದೇ ಊರಲ್ಲಿ ನೆಲೆ ಮಾಡುವುದಾದರೆ ಪಲಿಯೋಖೋರಾ ಒಳ್ಳೆಯದು. ಊರು ಸಮುದ್ರದೊಳಕ್ಕೆ ಚಾಚಿದ ಭೂಶಿರದ ಮೇಲಿದೆ. ಪಶ್ಚಿಮಕ್ಕೆ ಪಾಖಿಯಾ ಅಮ್ಮೋಸ್ ಎಂಬ ಮರಳಿನ ಬೀಚ್, ಪೂರ್ವಕ್ಕೆ ಹಾಲಿಕಿಯಾ ಎಂಬ ನುಣುಪುಗಲ್ಲಿನ ಬೀಚ್. ಪಶ್ಚಿಮದಲ್ಲಿ ಅಲೆ ಎದ್ದಾಗ ಸಾಮಾನ್ಯವಾಗಿ ಪೂರ್ವ ಶಾಂತ. ಊರಿನ ಪೂರ್ವಕ್ಕೆ ಇನ್ನೂ ಹೋದರೆ ಯಾಲಿಸ್ಕಾರಿ, ಅಲ್ಲಿ ಬಟ್ಟೆಯ ಕಟ್ಟುಪಾಡಿಲ್ಲ. ಮಟಾಲಾ ಬಳಿಯ ರೆಡ್ ಬೀಚಿಗೆ ಬಂಡೆಗುಡ್ಡ ಹತ್ತಿ ಇಳಿದು ಸುಮಾರು ಅರ್ಧ ಗಂಟೆ ನಡೆಯಬೇಕು. ಚಪ್ಪಲಿ ಸಾಲದು, ಶೂ ಬೇಕು, ನೀರು ಹೊತ್ತೊಯ್ಯಬೇಕು. ಖೋರಾ ಸ್ಫಾಕಿಯೋನ್ ಮತ್ತು ಲೂಟ್ರೋ ನಡುವಿನ ಸ್ವೀಟ್‌ವಾಟರ್ ಬೀಚಿನಲ್ಲಿ ಕಲ್ಲುಗಳ ಅಡಿಯಿಂದ ಸಿಹಿನೀರು ಚಿಮ್ಮುತ್ತದೆ. ದೋಣಿಯಲ್ಲೂ ಹೋಗಬಹುದು, ಕಾಲುದಾರಿಯಲ್ಲೂ ಹೋಗಬಹುದು. ಸಮುದ್ರ ಕೆಟ್ಟರೆ ದೋಣಿ ನಿಲ್ಲುತ್ತದೆ. ಬಂಡೆಗೋಡೆಗೆ ತೀರ ಒತ್ತಿ ಕೂತರೆ ಗಾಳಿ ತಪ್ಪುತ್ತದೆ, ಆದರೆ ಮೇಲಿಂದ ಕಲ್ಲು ಉರುಳುವ ಅಪಾಯವಿದೆ. ಬುಡದಲ್ಲಿ ಹೊಸದಾಗಿ ಒಡೆದ ಕಲ್ಲು ಬಿದ್ದಿದ್ದರೆ ಅಲ್ಲಿಂದ ದೂರ ಸರಿಯಿರಿ.

ಗ್ರೀಸ್‌ನಲ್ಲಿ ಗಾಳಿಯ ಮುನ್ಸೂಚನೆಯನ್ನು ಗಾಳಿಯ ಬಲ ಅಳೆಯುವ ಬೋಫೋರ್ಟ್ ಅಂಕಿಯಲ್ಲಿ ಹೇಳುತ್ತಾರೆ. 4 ಎಂದರೆ ಗಂಟೆಗೆ 20ರಿಂದ 28 ಕಿ.ಮೀ. ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣುತ್ತದೆ, ಎಲ್ಲಾದರೂ ಕೂರಬಹುದು. 5 ಎಂದರೆ 29ರಿಂದ 38 ಕಿ.ಮೀ. ತೆರೆದ ಬೀಚಿನಲ್ಲಿ ಒಣ ಮರಳು ಹಾರುತ್ತದೆ. 6ಕ್ಕೆ, ಅಂದರೆ 39ರಿಂದ 49 ಕಿ.ಮೀ.ಗೆ, ಪೂರ್ತಿ ಮರೆಯಿರುವ ಕೊಲ್ಲಿ ಅಥವಾ ನುಣುಪುಗಲ್ಲಿನ ಬೀಚ್ ಮಾತ್ರ. 7 ದಾಟಿದರೆ ಆ ದಿನ ಬೀಚ್ ಕೈಬಿಟ್ಟು ಊರು ಸುತ್ತಿ. ಗ್ರೀಸ್‌ನ ಹವಾಮಾನ ಇಲಾಖೆಯ ತಾಣ, ಅಲ್ಲಿನ ಸಾಗರ ಸಂಶೋಧನಾ ಕೇಂದ್ರದ ಪೊಸೈಡನ್ ಮುನ್ಸೂಚನೆ, ವಿಂಡಿ, ವಿಂಡ್‌ಗುರು ಎಂಬ ಗಾಳಿ ಮುನ್ಸೂಚನೆಯ ತಾಣಗಳು, ಇವುಗಳಲ್ಲಿ ಯಾವುದನ್ನಾದರೂ ನೋಡಿ. ಸರಾಸರಿ ವೇಗದ ಪಕ್ಕದಲ್ಲಿರುವ, ಥಟ್ಟನೆ ಬರುವ ಬಿರುಸು ಬೀಸಿನ (ಗಸ್ಟ್) ಅಂಕಿಯನ್ನೂ ಓದಿ. ದಕ್ಷಿಣ ಕ್ರೀಟ್‌ನಲ್ಲಿ ಕಷ್ಟ ಕೊಡುವುದು ಅದೇ. ಸಾಧಾರಣ ದಿನಗಳಲ್ಲಿ ಗಾಳಿ ಬೆಳಿಗ್ಗೆ ತಗ್ಗಿದ್ದು, ಮಧ್ಯಾಹ್ನಕ್ಕೆ ಏರಿ, ಸೂರ್ಯ ಮುಳುಗಿದ ಮೇಲೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 8ರಿಂದ 11 ಈಜಿಗೆ ಪ್ರಶಸ್ತ. ಜೋರು ಹಿಡಿದರೆ ಕೆಲವು ದಿನ ರಾತ್ರಿಯೂ ನಿಲ್ಲದೆ ಬೀಸುತ್ತದೆ. ಆಗ ಫೆರಿಗಳೂ ನಿಲ್ಲುವುದರಿಂದ, ಊರಿಗೆ ಮರಳುವ ವಿಮಾನದ ಹಿಂದಿನ ದಿನವಾದರೂ ಅಥೆನ್ಸ್‌ನಲ್ಲಿ ಇರುವಂತೆ ಟಿಕೆಟ್ ಮಾಡಿಸಿ.

ಮೈಮೇಲೆ ಬಟ್ಟೆಯಿಲ್ಲದವರಿಗೆ ಮರಳಿನ ಹೊಡೆತ ಎಲ್ಲರಿಗಿಂತ ಹೆಚ್ಚು. ಗಾಳಿಗೆ ಹಾರುವ ಮರಳು ಬಹುಪಾಲು ನೆಲದಿಂದ ಅರ್ಧ ಮೀಟರ್ ಒಳಗೇ ಕುಪ್ಪಳಿಸುತ್ತದೆ. ನಿಂತವರ ಮೊಣಕಾಲಿಗೆ ತಾಗುವುದು ಮಲಗಿದವರ ಮುಖಕ್ಕೇ ಬಡಿಯುತ್ತದೆ. ಆದ್ದರಿಂದ ಎತ್ತರದ ಛತ್ರಿಗಿಂತ ಮೊಣಕಾಲೆತ್ತರದ ಅಡ್ಡಗೋಡೆ ಉಪಯುಕ್ತ. ಕಲ್ಲು ಸಿಗುವ ಕಡೆ ಗಾಳಿ ಬರುವ ಬದಿಗೆ ಅರ್ಧವೃತ್ತವಾಗಿ ಜೋಡಿಸಿ. ಬೀಚಿನ ನಡುವೆ ಕೂರದೆ ಗಾಳಿ ಬರುವ ಕಡೆಯ ಮೂಲೆಯ ಬಂಡೆಗೆ ಹತ್ತಿರವಿರಿ. ಛತ್ರಿ ಗಾಳಿಗೆ ಕಿತ್ತು ಬೇರೆಯವರಿಗೆ ಬಡಿದು ಗಾಯ ಮಾಡಬಲ್ಲದು, 5 ಬೋಫೋರ್ಟ್ ಮೇಲೆ ಬಿಚ್ಚಲೇಬೇಡಿ.

ಗಾಳಿ ತಣ್ಣಗಿರುವುದರಿಂದ ಬಿಸಿಲು ಸುಡುವುದು ತಿಳಿಯುವುದಿಲ್ಲ. ನಮ್ಮದು ಕಂದು ಮೈ, ಸನ್‌ಸ್ಕ್ರೀನ್ ಬೇಡ ಎನ್ನುವವರಿದ್ದಾರೆ. ಎಂದೂ ಬಿಸಿಲು ಕಾಣದ ಚರ್ಮ ಯಾವ ಬಣ್ಣದ್ದಾದರೂ ಸುಡುತ್ತದೆ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 35 ಮಿ.ಲೀ. ಬೇಕು, ಎರಡು ಗಂಟೆಗೊಮ್ಮೆ ಮತ್ತು ಈಜಿದ ಮೇಲೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಎಂದಿಟ್ಟುಕೊಂಡರೂ ಇಬ್ಬರಿಗೆ 200 ಮಿ.ಲೀ. ಬಾಟಲಿ ಒಂದೂವರೆ ದಿನಕ್ಕೂ ಬರುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಸೂರ್ಯ ನೆತ್ತಿಗೇರುವುದು ಮಧ್ಯಾಹ್ನ 1 ದಾಟಿದ ಮೇಲೆ ಎಂಬುದೂ ನೆನಪಿರಲಿ.

ಕಾನೂನಿನ ವಿಷಯ. ಗ್ರೀಸ್‌ನಲ್ಲಿ ಕಡಲತೀರ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಹೋಗಬಹುದು. ಆದರೆ ಬೆತ್ತಲೆಯಾಗಿರಲು ಎಲ್ಲೆಡೆ ಹಕ್ಕಿಲ್ಲ. ಅನುಮತಿ ಪಡೆದ ಜಾಗಗಳು ಬಹಳ ಕಡಿಮೆ, ಉಳಿದ ಕಡೆ ನಡೆಯುವುದು ಸ್ಥಳೀಯರ ಸಹನೆಯಿಂದ. ಆ ಸಹನೆ ಕೆಡದಂತೆ ನೋಡಿಕೊಳ್ಳುವುದು ಹೋದವರ ಹೊಣೆ. ಊರಿನ ಮುಂದಿನ ಬೀಚ್, ಪಕ್ಕದಲ್ಲಿ ಚರ್ಚ್ ಇರುವ ಬೀಚ್‌ಗಳಲ್ಲಿ ಬೆತ್ತಲೆಯಾಗುವುದು ಬೇಡ. ಮೊದಲೇ ಇದ್ದವರು ಬಟ್ಟೆ ತೊಟ್ಟ ಕುಟುಂಬಗಳಾದರೆ ತುದಿಗೆ ನಡೆಯಿರಿ ಅಥವಾ ಬಟ್ಟೆಯಲ್ಲೇ ಇರಿ. ಊಟದ ಟವರ್ನಾಕ್ಕೆ ಹೋಗುವಾಗ ಉಡಲು ನಮ್ಮ ಪಂಚೆಗಿಂತ ಅನುಕೂಲದ್ದು ಇನ್ನೊಂದಿಲ್ಲ. ಹಗುರ, ಬೇಗ ಒಣಗುತ್ತದೆ, ಹಾಸಲೂ ಬರುತ್ತದೆ. ಬೆಂಚು, ಕುರ್ಚಿಯ ಮೇಲೆ ಟವೆಲ್ ಹಾಸದೆ ಕೂರಬಾರದು. ಹೆಚ್ಚಿನ ಬೀಚ್‌ಗಳಲ್ಲಿ ಎರಡೂ ಬಗೆಯವರು ಇರುವುದರಿಂದ ಬಟ್ಟೆ ಬಿಚ್ಚಲೇಬೇಕೆಂಬ ಒತ್ತಾಯವಿಲ್ಲ. ದಿಟ್ಟಿಸಿ ನೋಡುವುದು, ಫೋನ್ ಎತ್ತಿ ಚಿತ್ರ ತೆಗೆಯುವುದು ಮಾತ್ರ ಯಾರೂ ಕ್ಷಮಿಸದ ನಡತೆ. ಕಡಲಿನ ಚಿತ್ರ ತೆಗೆಯುತ್ತಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಇದನ್ನೆಲ್ಲ ನೋಡಿ ಬಂದು ಗೋಕರ್ಣದಲ್ಲೋ ಗೋವಾದಲ್ಲೋ ಪ್ರಯತ್ನಿಸುವುದು ಸಲ್ಲದು. ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ ಮೊಕದ್ದಮೆ ಬೀಳಬಹುದು.

ಮರೆಯ ಬೀಚಿನದೇ ಆದ ಒಂದು ಅಪಾಯವಿದೆ, ಜೀವಕ್ಕೆ ಸಂಬಂಧಿಸಿದ್ದು. ಅಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ದಡದ ಬಳಿ ನೀರು ಕೆರೆಯಷ್ಟು ನಿಶ್ಚಲ. ಕೊಲ್ಲಿಯ ಬಾಯಿ ದಾಟಿದ ಕೂಡಲೇ ಗಾಳಿ ಪೂರ್ತಿ ಬಲದಿಂದ ಹಿಡಿದು ಹೊರಕ್ಕೆ ತಳ್ಳುತ್ತದೆ. ಗಾಳಿ ತುಂಬಿದ ಹಾಸಿಗೆ, ರಬ್ಬರ್ ಟ್ಯೂಬು, ಆಟದ ದೋಣಿಗಳನ್ನು ಇಂಥ ಬೀಚಿಗೆ ತರಲೇಬಾರದು. ಚೆಂಡು ಕೊಚ್ಚಿಹೋದರೆ ಹಿಂದೆ ಈಜದೆ ಬಿಟ್ಟುಬಿಡಿ. ದಡಕ್ಕೆ ಸಮಾನಾಂತರವಾಗಿ, ಕಾಲು ನೆಲಕ್ಕೆ ಎಟಕುವ ಆಳದಲ್ಲಿ, ಗಾಳಿ ಓರೆಯಾಗಿದ್ದರೆ ಮೊದಲು ಅದಕ್ಕೆ ಎದುರಾಗಿ ಈಜಿ. ದಣಿದು ಹಿಂದಿರುಗುವಾಗ ಗಾಳಿ ಜೊತೆಗಿರುತ್ತದೆ. ಏಕಾಂತದ ಬೀಚ್‌ಗಳಲ್ಲಿ ಜೀವರಕ್ಷಕರು ಸಾಮಾನ್ಯವಾಗಿ ಇರುವುದಿಲ್ಲ, ಮೊಬೈಲ್ ಸಿಗ್ನಲ್ ಕೂಡ ಎಲ್ಲ ಕಡೆ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ತಂಗಿದ ಮನೆಯವರಿಗೆ ಹೇಳಿ ಹೊರಡಿ. ತುರ್ತು ಕರೆಗೆ 112, ಗ್ರೀಸ್ ಕರಾವಳಿ ಕಾವಲು ಪಡೆಗೆ 108.

— ಪ್ರವಾಸಾಸಕ್ತ ಓದುಗರು, ಸರಸ್ವತಿಪುರಂ, ಮೈಸೂರು