ಇಸಿಜಿ ಮಾಡಿಸಿದ್ದಾಯಿತು, ದಿನಸಿ ಚೀಟಿಯನ್ನೂ ಒಮ್ಮೆ ನೋಡಿ

ಮಾನ್ಯರೇ,

2025ರ ಜೂನ್‌–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ವರದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿದಾಗ, ಮೃತರಲ್ಲಿ ಹಲವರಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ಕುಡಿತದಂಥ ಹಳೆಯ ಕಾರಣಗಳೇ ಇದ್ದದ್ದು ತಿಳಿಯಿತು. ಭಯ ಈಗ ಇಳಿದಿದೆ. ಆದರೆ ಇಸಿಜಿ ನಾರ್ಮಲ್ ಬಂದರೆ ಗೆದ್ದೆವು ಎಂಬ ನಂಬಿಕೆ ಹಾಗೇ ಉಳಿದಿದೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಆ ಹೊತ್ತಿನ ಹೃದಯದ ಮಿಡಿತವನ್ನು ಹೇಳುತ್ತದೆ. ರಕ್ತನಾಳದೊಳಗೆ ಅರ್ಧ ಕಟ್ಟಿಕೊಂಡ ಕೊಬ್ಬು ಅದರಲ್ಲಿ ಕಾಣದೇ ಇರಬಹುದು. ಲಕ್ವ ಹೊಡೆಯುವ ಸಂಭವದ ಬಗ್ಗೆಯಂತೂ ಅದು ಬಹುಮಟ್ಟಿಗೆ ಮೌನ. ಅದಕ್ಕಿಂತ ಹೆಚ್ಚಿನ ಸುಳಿವು ಮನೆಯ ತಿಂಗಳ ದಿನಸಿ ಚೀಟಿಯಲ್ಲಿದೆ.

ಮೊದಲು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ತಲೆ ಸವರಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಬೇಕರಿ, ಹೋಟೆಲು, ಚಿಪ್ಸ್, ಬಿಸ್ಕತ್ತಿನಿಂದ ಬರುವ ಪಾಲನ್ನು ಕಳೆದರೆ ಅಡುಗೆಮನೆಗೆ ಉಳಿಯುವುದು ಸುಮಾರು 450 ಗ್ರಾಂ. ಹಾಗಾಗಿ ಒಂದು ಕಿಲೋ ಪ್ಯಾಕೆಟ್ಟು ಎರಡು ತಿಂಗಳು ಬರಬೇಕು. ಪ್ಯಾಕೆಟ್ಟಿನ ಮೇಲೆ ಒಡೆದ ತಾರೀಖು ಬರೆದಿಡಿ, ಮುಗಿದ ದಿನ ನೋಡಿ. ದನಕ್ಕೆ ಕೊಡುವ ಕಲ್ಲುಪ್ಪನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಿಡಿ ಕಾಲದಲ್ಲಿ ಉಪ್ಪಿನಕಾಯಿಗೆಂದು ತಂದದ್ದನ್ನು ಮಾತ್ರ ಮರೆಯದೆ ಸೇರಿಸಿ, ವರ್ಷವಿಡೀ ತಿನ್ನುವವರು ನಾವೇ ತಾನೆ. ಕೆಡದಂತೆ ಹಾಕಿದ ಉಪ್ಪಿನಕಾಯಿಯಲ್ಲಿ ತೂಕದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಉಪ್ಪು ಇರುವುದು ಅಪರೂಪ. ರಸದೊಂದಿಗೆ 15 ಗ್ರಾಂ ತೂಗುವ ಒಂದು ಮಿಡಿ ಬಡಿಸಿಕೊಂಡರೆ ಒಂದೂವರೆ ಗ್ರಾಂ ಉಪ್ಪು ಹೊಟ್ಟೆ ಸೇರಿತು. ಜೊತೆಗೆ ಹಪ್ಪಳ, ಬಾಳಕ, ಉಪ್ಪು ಹಾಕಿದ ಮಜ್ಜಿಗೆ, ಮಳೆಗಾಲವಾದರೆ ಒಣಮೀನು.

ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ಒತ್ತಡ ಏರುತ್ತದೆ. ವರ್ಷಗಟ್ಟಲೆ ಆ ಒತ್ತಡ ಸಹಿಸಿದ ನಾಳಗಳು ಗಡುಸಾಗುತ್ತವೆ. ಮಿದುಳಿನ ಒಳಗಿನ ಸಣ್ಣ ನಾಳಗಳು ಕೆಲವೊಮ್ಮೆ ಒಡೆಯುತ್ತವೆ, ಹೆಚ್ಚಿನ ಸಲ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಎರಡೂ ಲಕ್ವವೇ. ಇದೇ ಒತ್ತಡ ಹೃದಯದ ಗೋಡೆಯನ್ನೂ ದಪ್ಪಗಾಗಿಸುತ್ತದೆ. ಬಿ.ಪಿ.ಗೆ ತನ್ನದೇ ಆದ ಲಕ್ಷಣ ಎಂಬುದು ಸಾಮಾನ್ಯವಾಗಿ ಇಲ್ಲ. ‘ತಲೆ ಸುತ್ತಿಲ್ಲ, ಹಾಗಾಗಿ ಬಿ.ಪಿ. ಇಲ್ಲ’ ಎನ್ನುವವರೇ ಹೆಚ್ಚು ಅಪಾಯದಲ್ಲಿರುವವರು. ಅಳೆಸುವಾಗಲೂ ಒಂದು ಕ್ರಮವಿದೆ: ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ; ಐದು ನಿಮಿಷ ಒರಗಿ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಆನಿಸಿ, ಮಾತಾಡದೆ ಅಳೆಸಬೇಕು. ಬೇರೆ ಬೇರೆ ದಿನ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಲ್ಲಿಗೆ ಹೋಗಿ.

ಉಪ್ಪನ್ನು ಒಂದೇ ಸಲ ಅರ್ಧಕ್ಕೆ ಇಳಿಸಿದ ಮನೆಗಳಲ್ಲಿ ವಾರದೊಳಗೆ ಉಪ್ಪಿನ ಡಬ್ಬಿ ಊಟದ ಮೇಜಿಗೆ ಬಂದು ಕೂರುತ್ತದೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಬೇಳೆ ಬೇಯುವಾಗ ಒಮ್ಮೆ, ಪಲ್ಯಕ್ಕೆ ಒಮ್ಮೆ, ಒಗ್ಗರಣೆ ಹೊತ್ತಿಗೆ ರುಚಿ ನೋಡಿ ಮತ್ತೊಮ್ಮೆ ಹಾಕುವ ಅಭ್ಯಾಸವೇ ಮುಖ್ಯ ಕಳ್ಳ. ಇಡೀ ದಿನದ ಉಪ್ಪನ್ನು ಬೆಳಿಗ್ಗೆ ಅಳೆದು ಒಂದು ಬಟ್ಟಲಿಗೆ ತೆಗೆದಿಟ್ಟು, ಅಷ್ಟರಲ್ಲೇ ಮುಗಿಸಿ. ಒಲೆ ಆರಿಸಿದ ಮೇಲೆ ಹಾಕಿದರೆ ಕಡಿಮೆ ಉಪ್ಪೂ ನಾಲಿಗೆಗೆ ತಟ್ಟುತ್ತದೆ. ನಿಂಬೆ, ವಾಟೆಹುಳಿ, ಕಾಳುಮೆಣಸು ಇರುವ ಮಲೆನಾಡಿಗರಿಗೆ ರುಚಿಯ ಬರವೇನೂ ಇಲ್ಲ.

ಸೈಂಧವ ಲವಣದ ಹುಚ್ಚು ಈಗ ಹಳ್ಳಿಗೂ ಬಂದಿದೆ. ಅದೂ ಸೋಡಿಯಂ ಕ್ಲೋರೈಡೇ, ಬೆಲೆ ಮಾತ್ರ ಬೇರೆ. ಅಯೋಡಿನ್ ಸೇರಿಸದ ಉಪ್ಪಿಗೆ ಹೊರಳಿದರೆ, ಗಳಗಂಡ ಕಂಡ ಮಲೆನಾಡಿಗೆ ಹಳೆಯ ತೊಂದರೆ ಮರಳಬಹುದು. ಸೋಡಿಯಂ ಸ್ವಲ್ಪ ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪು ನಿಜಕ್ಕೂ ಉಪಯುಕ್ತ. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಮುಟ್ಟಬಾರದು. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪಿರೊನೊಲ್ಯಾಕ್ಟೋನ್‌ನಂಥ ಬಿ.ಪಿ., ಹೃದಯದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಲಯವೇ ತಪ್ಪುತ್ತದೆ.

ಉಳಿದವರಿಗೆ ಪೊಟ್ಯಾಸಿಯಂ ಸೊಪ್ಪು, ಕಾಳು, ಹಣ್ಣಿನಿಂದಲೇ ಬರಲಿ. ಈ ವಿಷಯದಲ್ಲಿ ಬಸ್ಸಾರಿಗೆ ಸಮನಾದ ಅಡುಗೆ ಕಡಿಮೆ. ಸೊಪ್ಪು, ಕಾಳು ಬೆಂದಾಗ ನೀರಿಗೆ ಬಿಟ್ಟುಕೊಳ್ಳುವ ಪೊಟ್ಯಾಸಿಯಂ ಬಸಿದ ಕಟ್ಟಿನಲ್ಲೇ ಉಳಿದು ಸಾರಿಗೆ ಬರುತ್ತದೆ. ಬೇರೆ ಅಡುಗೆಯಲ್ಲಿ ಅದನ್ನು ಚೆಲ್ಲುತ್ತೇವೆ. ಹುರುಳಿ, ಅವರೆ, ಅಲಸಂದೆ ಯಾವುದಾದರೂ ಸರಿ. ಮುದ್ದೆಯ ಗಾತ್ರ ಕಿರಿದಾಗಿ ಪಲ್ಯದ ರಾಶಿ ಹಿರಿದಾಗಲಿ. ರಾಗಿಯೆಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಎರಡೆರಡು ಮುದ್ದೆ ಇಳಿಸುವುದು ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟು ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ.

ಎಣ್ಣೆಯ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ, ಅಂದರೆ 20 ಮಿ.ಲೀ. ನಾಲ್ವರಿಗೆ ತಿಂಗಳಿಗೆ 2.4 ಲೀಟರ್. ಐದು ಲೀಟರಿನ ಕ್ಯಾನು ತಿಂಗಳಿಗೇ ಬರಿದಾದರೆ ಎರಡರಷ್ಟು ತಿನ್ನುತ್ತಿದ್ದೀರಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಕಾಯಿಯನ್ನೂ ಇದರಲ್ಲೇ ಲೆಕ್ಕ ಹಾಕಬೇಕು: ಹಸಿ ತುರಿಯ ಮೂರನೇ ಒಂದು ಭಾಗ ಕೊಬ್ಬು, ಅದರ ಬಹುಪಾಲು ಪರ್ಯಾಪ್ತ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಬಗೆಯದು. ಕಾಯಿ ವಿಷವೇನಲ್ಲ. ಚಟ್ನಿ ಮಾಡಿದ ದಿನ ಒಗ್ಗರಣೆಗೆ ಕೈ ಬಿಗಿ ಹಿಡಿದರಾಯಿತು. ತೆಂಗಿನೆಣ್ಣೆ ಹೃದಯಕ್ಕೆ ಔಷಧಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ಮಾತ್ರ ನಂಬಬೇಡಿ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳಿಗೆ ಹೋಲಿಸಿದರೆ ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ.

ಅಯ್ಯಂಗಾರ್ ಬೇಕರಿಗಳಿಗೆ ಬೇರು ಒದಗಿಸಿದ ಜಿಲ್ಲೆ ನಮ್ಮದು, ಪಫ್ಸ್ ಬಿಡಿ ಎಂದರೆ ಯಾರೂ ಕೇಳರು. 2022ರಿಂದ ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ ಶೇ 2ರ ಮಿತಿ ಬಂದಿದೆಯಾದರೂ ಪದರ ಬಿಡಿಸುವ ಗಟ್ಟಿ ಕೊಬ್ಬು ಪರ್ಯಾಪ್ತವೇ. ವಾರಕ್ಕೊಂದು ಸಾಕು. ಕಾಫಿಯ ಬಗ್ಗೆ ಚಿಕ್ಕಮಗಳೂರಿನವರು ಹೆದರಬೇಕಿಲ್ಲ, ದಿನಕ್ಕೆ ಮೂರು ಲೋಟದಿಂದ ಹೃದಯಕ್ಕೆ ಕೇಡಿಲ್ಲ. ಕೇಡು ಅದರೊಳಗಿನ ಸಿಹಿಯದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ 40 ಗ್ರಾಂ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಬೆಲ್ಲದ ಕಾಫಿಗೂ ಇದೇ ಲೆಕ್ಕ.

ಪಥ್ಯ ಮಾತ್ರೆಗೆ ಬದಲಿ ಅಲ್ಲ. ಬೆಳ್ಳುಳ್ಳಿ ಕಷಾಯ ಕುಡಿದು ಬಿ.ಪಿ. ಮಾತ್ರೆ ನಿಲ್ಲಿಸಿದವರಿಗೆ ಒತ್ತಡ ಮತ್ತೆ ಏರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗುವವರು ಸೊಪ್ಪನ್ನು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಅಳತೆ ಒಂದೇ ಇರಲಿ. ಒಂದು ವಾರ ಸೊಪ್ಪೇ ಇಲ್ಲದೆ ಮರುವಾರ ದಿನವೂ ತಿಂದರೆ ಮಾತ್ರೆಯ ಪರಿಣಾಮ ಏರಿಳಿಯುತ್ತದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ಲಕ್ವವಿರಬಹುದು; ಗಂಜಿ, ಮಾತ್ರೆ ಏನನ್ನೂ ಬಾಯಿಗೆ ಹಾಕದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ, ಮಲೆನಾಡಿನ ತಿರುವು ರಸ್ತೆಯೂ ಅದರಲ್ಲೇ ಸೇರಬೇಕು.

ಜಿಲ್ಲಾಡಳಿತಕ್ಕೆ ಎರಡು ಕೋರಿಕೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ 25 ದಾಟಬಾರದೆಂಬ ನಿಯಮ 2018ರಿಂದಲೇ ಜಾರಿಯಲ್ಲಿದೆ. ಕಪ್ಪಾಗಿ ನೊರೆ ಬರುವ ಬಜ್ಜಿ ಬಾಣಲೆಗಳನ್ನು ಆಹಾರ ಸುರಕ್ಷತಾ ಅಧಿಕಾರಿಗಳು ಸಂಜೆ ಹೊತ್ತು ಬಂದು ಪರೀಕ್ಷಿಸಲಿ. ಇನ್ನು ವಿದ್ಯಾರ್ಥಿ ನಿಲಯಗಳು: ನೂರು ಮಕ್ಕಳಿಗೆ ದಿನವೊಂದಕ್ಕೆ ಉಪ್ಪು, ಉಪ್ಪಿನಕಾಯಿಯದೂ ಸೇರಿ, ಅರ್ಧ ಕಿಲೋ ದಾಟಬಾರದು. ದಾಸ್ತಾನು ಪುಸ್ತಕದಲ್ಲಿ ಉಪ್ಪು, ಎಣ್ಣೆಯ ದಿನದ ತೂಕ ಬರೆಯುವುದನ್ನು ಕಡ್ಡಾಯ ಮಾಡಿ, ಅಡುಗೆಯವರ ಕೈಗೆ ಒಂದು ತಕ್ಕಡಿ ಕೊಡಿಸಿ.

– ಪಥ್ಯಾಹಾರ ತಜ್ಞೆ, ಹಾಸನ